ಅರಳೆಯೊಳಗಿನ ತಂತಿ

"ಈ ತಂತಿಗೆ ಸಾಯಾಕ ಏನು ಧಾಡಿ ಐತಿ?"

ಬಳ್ಳಾರಿಯ ಬ್ರೂಸ್‌ಪೇಟೆಯ ತನ್ನ ಗಾದಿ ಅಂಗಡಿಯಲ್ಲಿ ಕೂತು ಖಲಂದರ್ ಹೀಗೆ ಕೇಳಿದಾಗ ಉತ್ತರ ಹೇಳಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೋಡೆಗೆ ಒರಗಿಸಿದ ಗಾದಿಗಳಿದ್ದವು. ಮೂಲೆಯಲ್ಲಿ ಆಳೆತ್ತರ ಅರಳೆ ಬಿದ್ದಿತ್ತು. ಅರಳೆ ಹಿಂಜುವ ಮಷಿನ್ನನ್ನು ಮಧ್ಯಾಹ್ನದ ನಮಾಜಿಗೆಂದು ನಿಲ್ಲಿಸಿದವನು ಮತ್ತೆ ಶುರು ಮಾಡಿರಲಿಲ್ಲ. ಅರ್ಧ ಹೊಲಿದ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಬಾಸ್ ಗಿಟಾರು ಇಟ್ಟುಕೊಂಡು, ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಮತ್ತೊಮ್ಮೆ ಮೀಟಿದ. ಪಕ್ಕದ ಸಣ್ಣ ಆಂಪ್ಲಿಫೈಯರಿನಿಂದ 'ಡೊಂಯ್ಯ್' ಎಂದು ಹೊರಟ ಸದ್ದು, ಊಟ ಮುಗಿದರೂ ಎದ್ದು ಹೋಗದ ಬೀಗರ ಹಾಗೆ, ಹೊಸ್ತಿಲಲ್ಲೇ ನಿಂತು ಮಾತು ಎಳೆಯಿತು.

ಲೋಕದ ವಾದ್ಯಗಾರರೆಲ್ಲ ತಂತಿ ಹೆಚ್ಚು ಹೊತ್ತು ಉಳಿಯಲಿ ಎಂದು ಬೇಡಿಕೊಂಡರೆ ಇವನು ಬೇಗ ಸಾಯಲಿ ಎಂದು ಬೇಡುತ್ತಿದ್ದ. ಅದಕ್ಕೊಂದು ಕಾರಣವಿತ್ತು. ಕಾರಣದ ಹೆಸರು ಚನ್ನಬಸವರಾಜ.

ಚನ್ನಬಸವರಾಜ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕದ ಯಜಮಾನ. ಇಷ್ಟು ವರ್ಷ ಬೇರೆಯವರ ಹೆಸರಿಗೆ ಪ್ಯಾಂಟು ಹೊಲಿದುಕೊಟ್ಟು ಬೇಸತ್ತು, ಈಗ 'ಲಗಾಮು' ಎಂದು ತನ್ನದೇ ಹೆಸರಿನ ಜೀನ್ಸ್ ಬಿಡಲು ಹೊರಟಿದ್ದ. ಅದಕ್ಕೊಂದು ಹಾಡು ಬೇಕಾಗಿತ್ತು. ಅಂಥಿಂಥ ಹಾಡಲ್ಲ, ಅಗಲ ಅಂಚಿನ ಟೋಪಿ ಹಾಕಿ ಕುದುರೆ ಮೇಲೆ ದನ ಕಾಯುವ ಅಮೆರಿಕದ ಹಳ್ಳಿಯವರು ಹಾಡುತ್ತಾರಲ್ಲ, ಕಂಟ್ರಿ ಹಾಡು, ಅಂಥದ್ದು. ಮಾತು ಕನ್ನಡದ್ದು, ನಡಿಗೆ ಅವರದ್ದು. ಮಾದರಿಗೆಂದು ತನ್ನ ಫೋನಿನಲ್ಲಿದ್ದ ಹಳೆಯ ಹಾಡೊಂದನ್ನು ಸಣ್ಣ ಸ್ಟುಡಿಯೋ ಇಟ್ಟಿದ್ದ ಪವಮಾನನಿಗೆ ಕಳಿಸಿದ್ದ. ಪವಮಾನ ಅದನ್ನು ಖಲಂದರನಿಗೆ ಕೇಳಿಸಿದ್ದ.

ಆ ಹಾಡಿನ ಬಾಸ್, ಅಂದರೆ ತಳದ ಮಂದ್ರ ಸದ್ದು, ಕೇಳಿದ ಖಲಂದರ್ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದ್ದ. ಅಲ್ಲಿ ಬಾಸ್ ಹಾಡುತ್ತಿರಲಿಲ್ಲ, ನಡೆಯುತ್ತಿತ್ತು. ಒಂದು ಹೆಜ್ಜೆ ಷಡ್ಜದಲ್ಲಿ, ಇನ್ನೊಂದು ಪಂಚಮದಲ್ಲಿ. ಧುಮ್, ಧುಮ್. ಪ್ರತಿ ಹೆಜ್ಜೆಯೂ ನೆಲ ಮುಟ್ಟಿದ ಕೂಡಲೇ ಮುಗಿಯುತ್ತಿತ್ತು. ಎರಡು ಹೆಜ್ಜೆಗಳ ನಡುವಿನ ಆ ಬಿಡುವಿನಲ್ಲಿ ಹಾಡುವವನ ಮಾತು ಬಂದು ಕೂರುತ್ತಿತ್ತು. ಇಂಗ್ಲಿಷ್ ಅರ್ಥವಾಗದಿದ್ದರೂ ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕಿವಿಗೆ ಬಿದ್ದಿತ್ತು.

ಇದೇ ಸದ್ದು ತನ್ನ ಗಿಟಾರಿನಿಂದ ಬರಬೇಕೆಂದು ಅವನು ಹಟ ತೊಟ್ಟ. ಹಟದ ಬೇರು ಮಾತ್ರ ಸಿರುಗುಪ್ಪದಲ್ಲಿತ್ತು.

ಹಿಂದಿನ ತಿಂಗಳು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯವರ ಮನೆಯ ಆರತಕ್ಷತೆ. ಪವಮಾನನ ಆರ್ಕೆಸ್ಟ್ರಾ ಹೋಗಿತ್ತು. ಪವಮಾನ ಹಗಲು ಒಂದು ಕಚೇರಿಯಲ್ಲಿ ಗುಮಾಸ್ತ, ಸಂಜೆ ಕೀಬೋರ್ಡಿನ ರಾಜ. ಅವನೂ ಖಲಂದರನೂ ಕಾಲೇಜಿನ ದಿನಗಳಿಂದ ಒಂದೇ ವೇದಿಕೆ ಹತ್ತಿದವರು. ಅವತ್ತು ಖಲಂದರ್ ಎಂದಿನಂತೆ ಮನಸ್ಸಿನಲ್ಲೇ ಬಿಸ್ಮಿಲ್ಲಾ ಹೇಳಿ ಬಾಸ್ ಹೆಗಲಿಗೇರಿಸಿದ. ಎರಡು ಹಾಡು ಬಾರಿಸಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿ ಕೈ ನಿಲ್ಲಿಸಿದ. ಬಾಸ್ ನಿಲ್ಲಲಿಲ್ಲ. ಸ್ಪೀಕರಿನಿಂದ ಗುಂಯ್ ಗುಂಯ್ ಎಂದು ಬರುತ್ತಲೇ ಇತ್ತು. ತಿರುಗಿ ನೋಡಿದರೆ ಪವಮಾನನ ಎಡಗೈ ಕೀಬೋರ್ಡಿನ ಕೆಳಮನೆಗಳ ಮೇಲೆ ಓಡಾಡುತ್ತಿತ್ತು. ಖಲಂದರನ ಸದ್ದನ್ನು ಮಿಕ್ಸರಿನಲ್ಲಿ ಪೂರಾ ಇಳಿಸಲಾಗಿತ್ತು.

ಅವನು ಬಾರಿಸದೆ ನಿಂತೇ ಇದ್ದ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದವನು ಒಬ್ಬನೇ, ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ದೊಡ್ಡ ಮನುಷ್ಯ. "ನೋಡ್ರಿ, ಆ ಪಿಂಜಾರ ಗಿಟಾರ್ ಹಿಡಕೊಂಡು ಅಲ್ಲೇನು ಅರಳಿ ಹಿಂಜಾಕ ಹತ್ಯಾನೇನು?" ಎಂದ. ಸುತ್ತಲಿನವರು ನಕ್ಕರು. ವರನೂ ನಕ್ಕ.

ಬಸ್ಸಿನಲ್ಲಿ ಬರುವಾಗ ಖಲಂದರ್ ಕೇಳಿದ್ದ: "ಯಾಕ ಹಂಗ ಮಾಡಿದಿಲೇ ಪವಮಾನ?"

"ಎರಡೂ ಬಾಸು ಕೂಡಿ ಗೊಜ್ಜಾಗ್ತಿತ್ತಪಾ," ಎಂದು ಪವಮಾನ ಕಿಟಕಿಯತ್ತ ನೋಡಿದ್ದ. "ಈಗ ಎಲ್ಲಾ ಕಡೆ ಹಿಂಗೇ. ಕೀಬೋರ್ಡಿನಾಗ ಬಾಸ್ ಅಂತ ಒತ್ತಿದ್ರೆ ಅರವತ್ತು ಥರ ಬರ್ತದೆ. ನಿನ್ನ ಮನಸ್ಸಿಗೆ ಬೇಜಾರಾಗಬಾರ್ದು ಅಂತ ಜೊತಿಗೆ ಕರ್ಕೊಂಡು ಹೋಗ್ತೀನಿ, ಅಷ್ಟೇ."

ಗೆಳೆಯನ ಕರುಣೆ ಶತ್ರುವಿನ ಏಟಿಗಿಂತ ಆಳಕ್ಕೆ ಇಳಿಯುತ್ತದೆ.  ಜೀನ್ಸ್ ಹಾಡಿನ ಸುದ್ದಿ ಬಂದಾಗ ಖಲಂದರ್ ತಾನಾಗಿಯೇ ಸ್ಟುಡಿಯೋದ ಮೆಟ್ಟಿಲು ಹತ್ತಿ, "ಈ ಹಾಡಿಗೆ ಬಾಸ್ ನಂದು," ಎಂದ.

"ಅರವತ್ತು ಇದಾವೆ ಅಂದೆನಲ್ಲಪಾ. ನೀ ಬಂದು ಅರವತ್ತೊಂದನೇದು ಮಾಡಿ ಏನು ಸಾಧಿಸ್ತಿ?"

"ಮನ್ಯಾಗ ಅರವತ್ತು ಗೊಂಬಿ ಇದ್ರ ಏನಾತಲೇ? ಒಂದಾರ ಕೂಸು ಅಳಬೇಕೋ ಬ್ಯಾಡೋ?"

ಪವಮಾನನಿಗೆ ನಗು ಬಂತು. ನಗುತ್ತಲೇ ಒಂದು ಷರತ್ತು ಹಾಕಿದ. "ಆಯ್ತು. ಶನಿವಾರ ಚನ್ನಬಸವರಾಜರು ಬರ್ತಾರೆ. ನನ್ನದೂ ಕೇಳ್ಸೋಣ, ನಿನ್ನದೂ ಕೇಳ್ಸೋಣ. ಅವರು ನಿಂದು ಅಂದ್ರೆ ನಿಂದು. ನಂದು ಅಂದ್ರೆ, ಇನ್ಮೇಲೆ ಆ ಕಟ್ಟಿಗೆ ಹೊತ್ಕೊಂಡು ಎಲ್ಲಿಗೂ ಬರಬ್ಯಾಡ. ಆರ್ಕೆಸ್ಟ್ರಾಕ್ಕೂ ಸೈತ. ಒಪ್ಪಿಗೆ ಏನು?"

"ಒಪ್ಪಿಗಿ," ಎಂದುಬಿಟ್ಟ ಖಲಂದರ್.

ಖಲಂದರ್ ಹೊರಟಾಗ ಪವಮಾನ ಒಂದು ಸಲಹೆಯನ್ನೂ ಕೊಟ್ಟ: "ಮೊದ್ಲು ತಂತಿ ಬದಲಿ ಮಾಡು. ಅಜ್ಜನ ಕಾಲದವು, ಜಿಡ್ಡು ಹಿಡಿದಾವೆ." ಗೆಳೆಯ ಮೋಸಕ್ಕೆ ಹೇಳಿದ್ದಲ್ಲ, ನಂಬಿಯೇ ಹೇಳಿದ್ದ. ಖಲಂದರನೂ ನಂಬಿಯೇ ಬೆಂಗಳೂರಿನಿಂದ ಹೊಸ ತಂತಿ ತರಿಸಿ ಹಾಕಿದ. ಕನ್ನಡಿಯಂತೆ ಹೊಳೆಯುತ್ತಿದ್ದವು. ಮೀಟಿದರೆ ಗಂಟೆ ಹೊಡೆದಂತೆ. ಅಲ್ಲಿಗೆ ಅವನಿಗೆ ಬೇಕಾದ ಸದ್ದು ಇನ್ನೂ ಒಂದು ಗಾವುದ ದೂರ ಹೋಯಿತು.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಸುಮೈರಾ ಜೀನ್ಸ್ ಘಟಕದಿಂದ ಬಂದ ಪ್ಯಾಂಟುಗಳ ರಾಶಿ ಹಾಕಿಕೊಂಡು, ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುತ್ತ ಕೂತಿದ್ದಳು. ಮಧ್ಯಾಹ್ನದಿಂದ ಡೊಂಯ್ ಡೊಂಯ್ ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು.

"ಏನ್ರೀ, ಅಂಗಡ್ಯಾಗ ಗಿರಾಕಿ ಬರ್ತಾರ್ರಿ, ದೆವ್ವ ಬಂದಾವಂತ ಹೊಳ್ಳಿ ಹೋಗ್ತಾರ. ಆ ಸದ್ದು ಒಂದಿಷ್ಟು ನಿಲ್ಲಸ್ರಿ."

"ಅದನ್ನ ನಿಲ್ಲಸಾಕನ ಒದ್ದಾಡಾಕ ಹತ್ತೀನಿ ನಾನು."

"ನಿಲ್ಲಸಾಕ ಒದ್ದಾಡೋದ್ಯಾಕ? ಬಾರಸೋದು ಬಿಟ್ರ ತಾನ ನಿಲ್ತೈತಿ," ಎಂದು ಅವಳು ಕತ್ತರಿ ಕಟಕಟ ಆಡಿಸಿದಳು.

ಅವಳ ಮಾತಿಗೆ ನಕ್ಕುಬಿಡಬಹುದಿತ್ತು. ಆದರೆ ಖಲಂದರನ ತಲೆಯಲ್ಲಿ ಬೇರೇನೋ ಹೊಳೆದಿತ್ತು. ಆ ಧುಮ್ ಎಂಬ ಸದ್ದನ್ನು ತಾನು ಅಮೆರಿಕದ ಹಾಡಿಗಿಂತ ಎಷ್ಟೋ ಮೊದಲು ಕೇಳಿದ್ದೇನೆ. ಎಲ್ಲಿ? ಹುಟ್ಟೂರು ಕುರುಗೋಡಿನಲ್ಲಿ, ಮನೆಯ ಪಡಸಾಲೆಯಲ್ಲಿ. ಅಪ್ಪ ನನ್ನೇಸಾಬ ಕಂಬಕ್ಕೆ ಬೆನ್ನು ಕೊಟ್ಟು, ಆಳುದ್ದದ ಬಿಲ್ಲು ತೂಗುಹಾಕಿಕೊಂಡು, ಮರದ ಕೊಡತಿಯಿಂದ ಅದರ ತಂತಿಗೆ ಹೊಡೆಯುತ್ತಿದ್ದ. ಅರಳೆ ಹೂವಾಗಿ ಹಾರುತ್ತಿತ್ತು. ಧುಮ್. ಧುಮ್. ಗೋಡೆಯ ಬದಿಗೆ ಕೂತ ಅವ್ವ ನೂರಜಹಾನ್ ಗಾದಿಗೆ ಟಾಕಿ ಹಾಕುತ್ತ ಮೊಹರಮ್ಮಿನ ಪದ ಹೇಳುತ್ತಿದ್ದಳು. ಅವಳ ಪದದ ಒಂದೊಂದು ಪಾದವೂ ಬಿಲ್ಲಿನ ಏಟಿನ ಮೇಲೆ ಕಾಲಿಟ್ಟು ಮುಂದೆ ಹೋಗುತ್ತಿತ್ತು. ಅಪ್ಪನ ಸದ್ದು ಒಮ್ಮೆಯೂ ಅವ್ವನ ಮಾತನ್ನು ತುಳಿದದ್ದು ಅವನಿಗೆ ನೆನಪಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಖಲಂದರ್ ಕುರುಗೋಡಿಗೆ ಹೋದ.

ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಅವ್ವ ಅಣ್ಣನ ಮನೆಯಲ್ಲಿ, ಮೊಮ್ಮಕ್ಕಳ ಸಂತೆಯ ನಡುವೆ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಯಾರ ಕಣ್ಣನ್ನೂ ಸಾಲ ಕೇಳುವವಳಲ್ಲ.

"ಅವ್ವಾ, ಅಪ್ಪನ ಬಿಲ್ಲು ಐತೇನಬೇ?"

"ಬಿಲ್ಲು ಗೆದ್ದಲು ತಿಂದು ಹೋತು. ತಂತಿ ಒಂದು ಅರಿವ್ಯಾಗ ಸುತ್ತಿಟ್ಟೀನಿ. ಯಾಕಲೇ, ಮಷಿನ್ನು ಮಾರಿದ್ಯೇನು?"

"ಇಲ್ಲಬೇ. ಗಿಟಾರಕ್ಕ ಹಾಕ್ತೀನಿ."

ನೂರಜಹಾನ್ ಸೂಜಿ ನಿಲ್ಲಿಸಿ ಮಗನ ಮುಖ ನೋಡಿದಳು. ಜ್ವರ ಗಿರ ಬಂದಿದೆಯೇನೋ ಎಂಬಂತೆ ಹಣೆ ಮುಟ್ಟಿದಳು. "ಅದು ಆಡಿನ ನರದ ತಂತಿ. ನಿಂದು ಕರೆಂಟಿನ ವಾದ್ಯ. ಕೂಡತೈತೇನು?"

"ಕೂಡಸ್ತೀನಿ. ಅಪ್ಪ ಹೊಡಿಯೋ ಮುಂದ ಬರ್ತಿತ್ತಲ್ಲ, ಆ ಸದ್ದು ಬೇಕು ನನಗ." ಆಮೇಲೆ ಸಿರುಗುಪ್ಪದ ಕಥೆಯನ್ನೂ, ಪವಮಾನನ ಷರತ್ತನ್ನೂ ಹೇಳಿದ. ಪಿಂಜಾರ ಅಂದ ಮಾತನ್ನು ನುಂಗಿಕೊಂಡಿದ್ದ. ಅವ್ವ ಅದನ್ನೂ ಕೆದಕಿ ಹೊರತೆಗೆದಳು.

"ಅಂದ್ರ ಅನ್ನಲಿ. ನಾವು ಹಿಂಜಿದ ಗಾದಿ ಮ್ಯಾಲ ಅವರಪ್ಪ ಅವ್ವ ಮಲಗಿದ್ದಕ್ಕನ ಅಂವ ಹುಟ್ಟ್ಯಾನ," ಎಂದಳು ನೂರಜಹಾನ್. ಮೊಮ್ಮಕ್ಕಳಿಗೆ ಕೇಳಿಸಿತೇನೋ ಎಂದು ಆಚೀಚೆ ನೋಡಿ, ಕೇಳಿಸಿದ್ದರೂ ಚಿಂತೆಯಿಲ್ಲ ಎಂಬಂತೆ ಸೆರಗು ಸರಿಮಾಡಿಕೊಂಡಳು. ಒಳಗೆ ಹೋಗಿ ಗಂಟು ತಂದಳು. ಅದನ್ನು ಬಿಚ್ಚುವಾಗ ತನಗೆ ತಾನೇ ಎಂಬಂತೆ ಕರಬಲದ ಕಾಳಗದ ಹಳೆಯ ಮೊಹರಮ್ಮಿನ ಪದವೊಂದು ಬಾಯಿಗೆ ಬಂತು:

*ನೀರ ಕೊಡಲಿಲ್ಲ ನೆಳಲ ಕೊಡಲಿಲ್ಲ*
*ಕೈಯ ಚಾಚಲಿಲ್ಲ ಕರಬಲದಾಗ ಸರದಾರ*
*ತಲಿಯ ತಗ್ಗಿಸಲಿಲ್ಲ ಕಡಿತನಕ*

ಖಲಂದರ್ ಕಣ್ಣು ಮುಚ್ಚಿ ಕೇಳಿದ. ಚಿಕ್ಕಂದಿನಿಂದ ಕೇಳಿದ್ದೇ. ಆದರೂ ಪ್ರತಿ ಪಾದದ ಕೊನೆಯಲ್ಲಿ ಅವ್ವ ಬಿಡುವ ಆ ಉಸಿರಿನ ಜಾಗವನ್ನು ಅವತ್ತು ಬೇರೆಯಾಗಿ ಕೇಳಿದ. ಈಗ ಅಲ್ಲಿ ಬಿಲ್ಲಿನ ಏಟು ಇರಲಿಲ್ಲ. ಅವಳು ಮಾತ್ರ ಏಟಿಗಾಗಿ ಇನ್ನೂ ಜಾಗ ಬಿಡುತ್ತಲೇ ಇದ್ದಳು.

ಮಧ್ಯಾಹ್ನ ಬ್ರೂಸ್‌ಪೇಟೆಗೆ ಮರಳಿದವನೇ ಗಿಟಾರಿನ ಅತಿ ದಪ್ಪ ತಂತಿ ಬಿಚ್ಚಿ, ನರದ ತಂತಿಯನ್ನು ಗಂಟು ಹಾಕಿ ಬಿಗಿದ. ಸುಮೈರಾ ಕೂಡ ಕತ್ತರಿ ಕೆಳಗಿಟ್ಟು ನೋಡಲು ಬಂದಳು. ಖಲಂದರ್ ಬಿಸ್ಮಿಲ್ಲಾ ಎಂದು ಹೆಬ್ಬೆರಳು ಎಳೆದ.

ಏನೂ ಇಲ್ಲ. ಆಂಪ್ಲಿಫೈಯರು ಪಿಟ್ಟೆನ್ನಲಿಲ್ಲ. ಅದರ ಧ್ವನಿ ಪೂರಾ ಏರಿಸಿದ. ಬರೀ ಉಸ್ ಎಂದಿತು.

ಆಗ ಅವನಿಗೆ ತನ್ನ ದಡ್ಡತನ ಕಣ್ಣಿಗೆ ಹೊಡೆಯಿತು. ಕರೆಂಟಿನ ಗಿಟಾರಿಗೆ ಕಿವಿ ಎಂದರೆ ತಂತಿಯ ಕೆಳಗಿರುವ ಅಯಸ್ಕಾಂತ. ಅದಕ್ಕೆ ಕೇಳಿಸುವುದು ಲೋಹದ ತಂತಿಯ ನಡುಕ ಮಾತ್ರ. ಆಡಿನ ನರ ಅದರ ಮುಂದೆ ಕುಣಿದು ಕುಪ್ಪಳಿಸಿದರೂ ಅದು ಕಿವುಡ. ಇಷ್ಟು ವರ್ಷ ಬಾಸ್ ಬಾರಿಸಿದ ಯಾವನಿಗೂ ಆಗದ ತಪ್ಪು ಇದು; ಅಪ್ಪನ ಬಿಲ್ಲು ತಲೆಗೇರಿದವನಿಗೆ ಮಾತ್ರ ಆಗುವಂಥದ್ದು.

"ನಿಲ್ಲಬೇಕು ಅಂದ್ರಲ್ಲ, ನಿಂತೈತಿ ನೋಡ್ರಿ," ಎಂದಳು ಸುಮೈರಾ. ಅವನ ಮುಖ ಕಂಡು ಮುಂದಿನ ಮಾತು ನುಂಗಿ ಚಹಾ ಇಡಲು ಎದ್ದಳು.

ಖಲಂದರ್ ಸಿಟ್ಟಿಗೆದ್ದು ತಂತಿ ಬಿಚ್ಚಿದ. ಗಿಟಾರು ಬೇಡ, ಏನೂ ಬೇಡ, ಆ ಸದ್ದನ್ನು ಒಮ್ಮೆ ಕಿವಿಯಾರೆ ಕೇಳಿದರೆ ಸಾಕು ಎಂದು ಅದರ ಒಂದು ತುದಿಯನ್ನು ಅಂಗಡಿಯ ಕಂಬಕ್ಕೂ ಇನ್ನೊಂದನ್ನು ಮಷಿನ್ನಿನ ಕಾಲಿಗೂ ಬಿಗಿದ. ಗಾದಿಗೆ ಬಡಿಯುವ ಕೋಲಿನಿಂದ ಹೊಡೆದ.

'ಝೊಂಯ್ಯ್ಯ್' ಎಂದಿತು. ಹೊಸ ತಂತಿಯ ಹಾಗೇ, ಅದಕ್ಕಿಂತ ಒಂದು ಕೈ ಹೆಚ್ಚಾಗಿ ಒದರಿತು.

ಅವನು ಕೋಲು ಹಿಡಿದು ದಂಗಾಗಿ ನಿಂತ. ತನ್ನ ನೆನಪೇ ಸುಳ್ಳೇ? ಅಪ್ಪ ಹೊಡೆದರೆ ಧುಮ್, ತಾನು ಹೊಡೆದರೆ ಝೊಂಯ್? ತಂತಿ ಅದೇ, ಮನೆತನ ಅದೇ. ಅಪ್ಪ ಕೂರುತ್ತಿದ್ದ ರೀತಿಯನ್ನು ಮತ್ತೆ ಕಣ್ಣೆದುರು ತಂದುಕೊಂಡ. ಕಂಬ, ಬಿಲ್ಲು, ಕೊಡತಿ. ಬಿಲ್ಲಿನ ಕೆಳಗೆ? ಕೆಳಗೆ ಅರಳೆ. ತಂತಿ ಯಾವತ್ತೂ ಗಾಳಿಯಲ್ಲಿ ಇರುತ್ತಿರಲಿಲ್ಲ. ಅರ್ಧ ಅರಳೆಯಲ್ಲಿ ಮುಳುಗಿರುತ್ತಿತ್ತು.

ಮೂಲೆಯ ರಾಶಿಯಿಂದ ಎರಡು ತೆಕ್ಕೆ ಅರಳೆ ತಂದು ತಂತಿಯ ಕೆಳಗೆ ಸುರಿದ. ಅರಳೆ ತಂತಿಯನ್ನು ಅರೆಬರೆ ಮುಚ್ಚಿತು. ಕೋಲೆತ್ತಿ ಹೊಡೆದ.

ಧುಮ್.

ಒಳಗಿಂದ ಸುಮೈರಾ ಚಹಾದ ಬಟ್ಟಲು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಗಂಡನ ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿ ಮುದುಕನಂತೆ ಕಾಣುತ್ತಿದ್ದ, ನಗುತ್ತಿದ್ದ.

"ತಂತಿ ಅಲ್ಲಬೇ ಅದು, ಅರಳಿ!" ಎಂದ ಅವಳಿಗೆ. ಅವ್ವನಿಗೆ ಹೇಳಬೇಕಾದ ಮಾತು ಹೆಂಡತಿಯ ಪಾಲಾಗಿತ್ತು.

"ಅರಳಿನ. ನಾನೇನು ಸಕ್ಕರಿ ಅಂದ್ನೇನು?" ಎಂದಳು ಅವಳು.

ಮುಂದಿನ ಕೆಲಸ ಹಟದ್ದಲ್ಲ, ತಾಳ್ಮೆಯದ್ದು. ಹೊಳೆಯುವ ಹೊಸ ತಂತಿಗಳನ್ನು ಬಿಚ್ಚಿ ಬದಿಗಿಟ್ಟ. ಹಳೆಯವು ಬೇಕಿದ್ದವು, ಅವು ಬೆವರು ಕುಡಿದು, ಜಿಡ್ಡು ಹಿಡಿದು, ಮೊದಲೇ ಅರ್ಧ ಸತ್ತಿದ್ದವು. ಹುಡುಕಿದರೆ ಸುಮೈರಾ ಅವನ್ನು ಹೆಣೆದು ಕಿಟಕಿಗೆ ಅಡ್ಡ ಕಟ್ಟಿ ಕರ್ಚೀಫು ಒಣಹಾಕಿದ್ದಳು. ಅವಳ ಬೈಗುಳ ಕೇಳಿಕೊಂಡೇ ಬಿಚ್ಚಿ, ಒರೆಸಿ, ಸೊಟ್ಟ ತಿದ್ದಿ ಮರಳಿ ಗಿಟಾರಿಗೇರಿಸಿದ. ಆಮೇಲೆ ಅವಳ ರಾಶಿಯ ಬದಿಗೆ ಬಿದ್ದಿದ್ದ ಜೀನ್ಸಿನ ಒಂದು ಚಿಂದಿ ತೆಗೆದುಕೊಂಡು, ಅದರೊಳಗೆ ಹಿಂಜಿದ ಅರಳೆ ತುಂಬಿ, ಬೆರಳಗಲದ ಒಂದು ಪುಟ್ಟ ಗಾದಿ ಹೊಲಿದ. ತಂತಿಗಳು ಬುಡದಲ್ಲಿ ಕೂರುವ ಬ್ರಿಡ್ಜಿನ ಪಕ್ಕದಲ್ಲಿ, ತಂತಿಗಳ ಅಡಿಗೆ ಅದನ್ನು ತುರುಕಿದ.

ಮೊದಲು ಅರಳೆ ಹೆಚ್ಚಾಗಿ, ಗೋಡೆಗೆ ಗುದ್ದಿದಂತೆ 'ಟಕ್' ಎಂದಿತು. ಸ್ವರವೇ ಇಲ್ಲ. ಚಿಟಿಕೆ ಚಿಟಿಕೆ ಅರಳೆ ತೆಗೆದ. ಕಡಿಮೆಯಾಗಿ ಮತ್ತೆ ಬೀಗರು ಹೊಸ್ತಿಲಿಗೆ ಬಂದರು. ಒಂದು ಚಿಟಿಕೆ ಸೇರಿಸಿದ. ಟೋನಿನ ತಿರುಗಣೆಯನ್ನು ಕೆಳಗೆ ಇಳಿಸಿದ. ಉಗುರು ತಾಗದಂತೆ ಹೆಬ್ಬೆರಳಿನ ಮಾಂಸದಿಂದ ಮೀಟಿದ. ಸ್ವರ ಹುಟ್ಟಿತು, ತನ್ನ ಹೆಸರು ಹೇಳಿತು, ಮುಗಿಯಿತು. ಷಡ್ಜ. ಪಂಚಮ. ಷಡ್ಜ. ಪಂಚಮ. ಸಂಜೆಯ ಅಜಾನ್ ಆದಾಗ ಕೈ ನಿಲ್ಲಿಸಿದವನಿಗೆ ಒಂದು ವಿಷಯ ಖಚಿತವಿತ್ತು: ಶನಿವಾರ ಏನೇ ಆಗಲಿ, ತಾನು ಇನ್ನು ಬೇರೆ ಥರ ಬಾರಿಸುವುದಿಲ್ಲ.

ಪವಮಾನನ ಸ್ಟುಡಿಯೋ ಅವನ ಮನೆಯ ಮೇಲಂತಸ್ತಿನ ಒಂದು ಕೋಣೆ. ಹೊರಗಿನ ಆಟೋ ಸದ್ದು ಒಳಗೆ ಬರದಂತೆ ಗೋಡೆಗಳಿಗೆಲ್ಲ ಗಾದಿ ಬಡಿಯಲಾಗಿತ್ತು, ಬಡಿದವನು ಖಲಂದರನೇ. ಶನಿವಾರ ಅವನು ಗಿಟಾರನ್ನು ಚೀಲದಿಂದ ತೆಗೆದಾಗ ಪವಮಾನನ ಕಣ್ಣು ಜೀನ್ಸಿನ ಗಂಟಿನ ಮೇಲೆ ಬಿತ್ತು.

"ಇದೇನಪಾ ಇದು? ಗಿಟಾರಿಗೆ ಹಾಸಿಗೆ ಹಾಸೀಯಲ್ಲ! ನೆಗಡಿ ಆಗ್ಯದೇನು ಅದಕ್ಕೆ?"

"ನಿನ್ನ ಗ್ವಾಡಿಗೆ ಅರಳಿ ಬೇಕು, ನನ್ನ ತಂತಿಗೆ ಬ್ಯಾಡೇನಲೇ?"

ಚನ್ನಬಸವರಾಜ ಬಂದ. ಕಾಲಲ್ಲಿ ತನ್ನದೇ ಜೀನ್ಸು, ಕಂಕುಳಲ್ಲಿ ಒಂದು ಹ್ಯಾಟು. ಕುರ್ಚಿ ತುಂಬ ಕೂತು, "ಹೂಂ, ಶುರು ಮಾಡ್ರಿ ಆಚಾರ್ರೆ," ಎಂದ ಪವಮಾನನಿಗೆ.

ಪವಮಾನ ಮೊದಲು ತನ್ನ ಕೀಬೋರ್ಡಿನ ಬಾಸ್ ಇದ್ದ ಹಾಡು ಹಾಕಿದ. ದೊಡ್ಡ ಸ್ಪೀಕರುಗಳಿಂದ ನೆಲ ಅದುರಿತು. ಕೀಬೋರ್ಡಿನ ಮೇಲಿಟ್ಟ ಪೆನ್ಸಿಲ್ಲು ಉರುಳಿತು. 'ಲಗಾಮು ನಿನ್ನ ಕೈಯಾಗ, ದಾರಿ ನಿನ್ನ ಕಾಲಾಗ' ಎಂದು ಹಾಡುಗಾರ ಹಾಡುತ್ತಿದ್ದದ್ದು ಆ ಗುಂಗಿನ ಹಿಂದೆ ಎಲ್ಲೋ ಕೇಳಿಸಿತು. ಚನ್ನಬಸವರಾಜ ತಲೆದೂಗಿ, "ಬಾಗುಂದಿ, ಬಾಗುಂದಿ. ಎದಿಗೆ ಬಂದು ಗುದ್ದತೈತಿ ನೋಡ್ರಿ," ಎಂದ.

 ಖಲಂದರ್ ತನ್ನ ಸರದಿ ಬಂದಾಗ ಹಾಡಿನೊಂದಿಗೆ ಅಲ್ಲೇ ಕೂತು ಬಾರಿಸಿದ. ಅಲಂಕಾರ ಮಾಡಲಿಲ್ಲ, ಓಡಲಿಲ್ಲ. ಅವ್ವ ಉಸಿರು ಬಿಡುವ ಜಾಗಗಳನ್ನು ನೆನೆದು, ಹಾಡುಗಾರನ ಮಾತು ಬಂದಲ್ಲಿ ಸದ್ದು ಮುಗಿಸಿ, ಮಾತು ಮುಗಿದಲ್ಲಿ ಕಾಲಿಟ್ಟ. ಹಾಡು ನಿಂತಿತು.

ಚನ್ನಬಸವರಾಜ ಮೂಗು ಮುರಿದ. "ಇದೇನ್ರಿ ಇದು, ಮೂಟಿ ತಟ್ಟಿದಂಗ ಐತಿ. ಸಪ್ಪಗೈತಿ. ಮೊದಲನೇದಕ್ಕ ಎಷ್ಟು ಜೋರಿತ್ತು!"

ಪವಮಾನ ಗೆಳೆಯನ ಮುಖ ನೋಡಲಿಲ್ಲ. ಅಷ್ಟಕ್ಕೇ ಎದ್ದು ಗಿಟಾರು ಚೀಲಕ್ಕೆ ಹಾಕಿಕೊಂಡು ಹೋಗಿದ್ದರೆ ಖಲಂದರನ ಬಾಸಿನ ಬಾಳು ಅಲ್ಲಿಗೆ ಮುಗಿಯುತ್ತಿತ್ತು. ಸಿರುಗುಪ್ಪದಲ್ಲಿ ಹಾಗೇ ಸುಮ್ಮನೆ ನಿಂತಿದ್ದ. ಇವತ್ತು ನಿಲ್ಲಲಿಲ್ಲ.

"ಸಾವ್ಕಾರ್ರೆ, ನೀವು ಈ ಹಾಡು ಜನಕ್ಕ ಎದರಾಗ ಕೇಳಸ್ತೀರಿ?"

"ಎದರಾಗ ಅಂದ್ರ? ಫೋನಿನಾಗ. ಈಗ ಎಲ್ಲಾ ಅದರಾಗ ಅಲ್ಲೇನು?"

"ಹಂಗಾರ ಈ ಆನಿ ಗಾತ್ರದ ಸ್ಪೀಕರ್ ಯಾಕ ನಂಬ್ತೀರಿ? ಎರಡೂ ನಿಮ್ಮ ಫೋನಿಗೆ ಹಾಕ್ಸ್ರಿ. ಅದರಾಗ ಕೇಳಿ ಆಮ್ಯಾಲ ನನಗ ಸಪ್ಪಗೈತಿ ಅನ್ರಿ. ಆವಾಗ ನಾನೂ ಒಪ್ತೀನಿ."

ಗಾದಿ ಅಂಗಡಿಯವನ ಬಾಯಿ ಇಷ್ಟು ಗಟ್ಟಿ ಎಂದು ಚನ್ನಬಸವರಾಜನಿಗೆ ಗೊತ್ತಿರಲಿಲ್ಲ. ಆದರೂ ವ್ಯಾಪಾರಿ; ಮಾತಿನಲ್ಲಿದ್ದ ತೂಕ ಅವನಿಗೆ ತಿಳಿಯಿತು. ಪವಮಾನ ಖಲಂದರನ ಬಾಸನ್ನೂ ಹಾಡಿಗೆ ಸೇರಿಸಿ ಎರಡನ್ನೂ ಫೋನಿಗೆ ಕಳಿಸಿದ.

ಮೊದಲು ಕೀಬೋರ್ಡಿನದು. ಫೋನಿನ ಪುಟ್ಟ ಬಾಯಿಗೆ ಆ ನೆಲ ಅದುರಿಸುವ ಗುಂಗು ಹಿಡಿಸಲೇ ಇಲ್ಲ. ಬಾಸ್ ಪೂರಾ ಮಾಯ. ಹಾಡುಗಾರನ ದನಿ, ಟಿಕ್ ಟಿಕ್ ಎನ್ನುವ ತಾಳ, ಅಷ್ಟೇ. ಚನ್ನಬಸವರಾಜ ಫೋನನ್ನು ಕಿವಿಗೆ ಹತ್ತಿರ ತಂದ, ದೂರ ಹಿಡಿದ. "ಎಲ್ಲಿ ಹೋತ್ರಿ?" ಎಂದ.

ಆಮೇಲೆ ಎರಡನೆಯದು. ಧುಮ್, ಧುಮ್, ಧುಮ್, ಧುಮ್. ದೊಡ್ಡದಲ್ಲ, ಆದರೆ ಇತ್ತು. ಪ್ರತಿ ಹೆಜ್ಜೆಯೂ ಕಾಣುವಂತಿತ್ತು. ಹೆಜ್ಜೆಗಳ ನಡುವೆ 'ಲಗಾಮು' ಎಂಬ ಮಾತು ಒಂದೊಂದು ಅಕ್ಷರವಾಗಿ ಕೇಳಿಸಿತು. ಚನ್ನಬಸವರಾಜ ಎರಡು ಸಲ ಕೇಳಿದ. ಮೂರನೆಯ ಸಲ ತಾನೂ ಗೊಣಗಿದ.

"ಈಗ ನನ್ನ ಪ್ಯಾಂಟಿನ ಹೆಸರು ನನಗ ಕೇಳಸ್ತು," ಎಂದ. "ಇದನ್ನ ಇಡ್ರಿ ಆಚಾರ್ರೆ. ಕುದುರಿ ಇದರಾಗ ನಡದೈತಿ. ಹ್ಯಾಟಿಂದು, ಹುಡುಗೀರ ಜೀನ್ಸಿಂದು, ಇನ್ನೂ ಹಾಡು ಅದಾವ. ಎಲ್ಲಾಕ್ಕೂ ಇದ ಬಾಸ್ ಇರ್ಲಿ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಪವಮಾನ ಖಲಂದರನ ಬೆನ್ನಿಗೊಂದು ಗುದ್ದು ಕೊಟ್ಟ. ಕೆಳಗೆ ತಾಯಿ ಸರಸ್ವತಿಬಾಯಿಗೆ ಕೂಗಿ ಹೇಳಿ ಕಾಫಿ ತರಿಸಿದ. ಇಬ್ಬರೂ ಕುಡಿದರು. "ಸೋತೆ ನಾನು, ಒಪ್ಕೊಂಡೆ. ಎಂಥಾ ಸದ್ದು ತೆಗದಿಯಪಾ," ಎಂದ ಪವಮಾನ, ಅದರಲ್ಲಿ ಕಪಟವಿರಲಿಲ್ಲ. ಲೋಟ ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡ.

"ಒಂದು ಕೆಲಸ ಮಾಡೋಣ. ಗಿಟಾರು ಹಂಗೇ ಇರಲಿ, ತೆಗೀಬ್ಯಾಡ. ಕೆಳಗಿನ ಷಡ್ಜದಿಂದ ಹಿಡಿದು ಮೇಲಿನ ತನಕ ಒಂದೊಂದು ಸ್ವರ, ಒಂದೊಂದೇ ಸಲ, ಬಿಡಿಬಿಡಿಯಾಗಿ ಬಾರಿಸಿಕೊಡು. ಕೀಬೋರ್ಡಿನೊಳಗೆ ತುಂಬ್ಕೋತೀನಿ. ಒಂದು ತಾಸಿನ ಕೆಲಸ. ಆಮೇಲೆ ನೀನು ಅಂಗಡಿ ಬಿಟ್ಟು ಓಡಿಬರೋದೇ ಬ್ಯಾಡ. ನಾನು ಒತ್ತಿದ್ರೆ ನಿಂದೇ ಸದ್ದು ಬರ್ತದೆ. ಹೆಸರೂ ನಿಂದೇ ಇಡ್ತೀನಿ, 'ಖಲಂದರ್ ಬಾಸ್' ಅಂತ."

ಖಲಂದರ್ ತಂತಿಗಳ ಮೇಲೆ ಅಂಗೈ ಇಟ್ಟ.

"ಹೆಸರು ನಂದು, ಕೈ ನಿಂದು?"

"ಹಂಗ್ಯಾಕೆ ತಿಳ್ಕೋತಿ? ನಿನಗೇ ಸಲೀಸು ಅಂತ. ಮತ್ತೆ ಖರೇ ಹೇಳ್ತೀನಿ, ಪ್ರತಿ ಹಾಡಿಗೂ ನಿನ್ನ ಕಾಯ್ಕೊಂಡು ಕೂಡ್ಲಿಕ್ಕೆ ನನಗಾಗೋದಿಲ್ಲ. ಕೊಡ್ಲಿಲ್ಲ ಅಂದ್ರೆ ಮುಂದಿನ ಹಾಡುಗಳಿಗೆ ಏನು ಮಾಡ್ಲಿ, ನೀನೇ ಹೇಳು."

"ನನ್ನ ಕರಿ. ಬರ್ತೀನಿ."

"ಲೇ, ನೀನೂ ಮಷಿನ್ ಹಚ್ಚೇ ಅರಳಿ ಹಿಂಜ್ತಿ!" ಪವಮಾನನ ದನಿ ಏರಿತು. "ನಿಮ್ಮಪ್ಪನ ಬಿಲ್ಲು ಮೂಲೆಗೆ ಹಾಕಿ ಮಷಿನ್ ಇಟ್ಟವನು ನೀನು. ನಿನಗೆ ನಡೀತದೆ, ನನಗೆ ನಡೀಬಾರ್ದೇನು?"

ಮಾತು ಸರಿಯಾದ ಜಾಗಕ್ಕೇ ತಾಗಿತು.  ಖಲಂದರನೇ ಆ ಮಷಿನ್ನು ತಂದಿದ್ದ, ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗಲೇ. ಅಪ್ಪ ಬೇಡ ಅನ್ನಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ಖರೇ ಐತಿ ಪವಮಾನ," ಎಂದ. "ಹೊಟ್ಟಿಗಂತ ಮಷಿನ್ ಇಟ್ಟೀನಿ, ಸುಳ್ಳಲ್ಲ. ಅಪ್ಪನ ಸದ್ದು ಒಮ್ಮೆ ಮಷಿನ್ನಿಗೆ ಕಳಕೊಂಡೀನಿ, ಅದಕ್ಕನ ಇದನ್ನ ಕೊಡಂಗಿಲ್ಲ."

"ಪೂರಾ ಬ್ಯಾಡ, ಕೆಳಗಿನ ನಾಲ್ಕು ಸ್ವರ ಆದ್ರೂ..."

"ಒಂದೂ ಕೊಡಂಗಿಲ್ಲ."